ಕೋಡಿಮಠದ ಅಂಗಳದಲ್ಲಿ ಐಷಾರಾಮಿ ಹೋಟೆಲ್ ಏಳಬಹುದೆ?

ಶಿಕಾರಿಪುರ: ಹುಂಚದ ಸಮೀಪ ಹುಟ್ಟುವ ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿರುವ ಅಂಜನಾಪುರ ಜಲಾಶಯ ಮಳೆಗಾಲದಲ್ಲಿ ತುಂಬಿ ಕೋಡಿ ಬಿದ್ದರೆ ಸುತ್ತಮುತ್ತಲ ಊರುಗಳ ಜನ ಬಂದು ನೋಡಿ ಹೋಗುವುದು ವಾಡಿಕೆ. ಶಿಕಾರಿಪುರದಿಂದ ಇನ್ನೊಂದು ದಿಕ್ಕಿಗೆ ಸುಮಾರು 20 ಕಿ.ಮೀ. ಸಾಗಿದರೆ ಬಳ್ಳಿಗಾವಿ ಸಿಗುತ್ತದೆ. ಅಲ್ಲಿ ತಾವರೆಕೆರೆಯ ದಡದಲ್ಲಿರುವ ಕೇದಾರೇಶ್ವರ ದೇವಾಲಯದ ಆವರಣವೇ ಶಾಸನಗಳಲ್ಲಿ ಬರುವ ಕೋಡಿಮಠ. ಒಂದು ಕೋಡಿಯನ್ನು ನೋಡಲು ಬಂದವರಿಗೆ ಇನ್ನೊಂದು ಕೋಡಿಯ ಕಥೆ ಗೊತ್ತಿರುವುದು ಅಪರೂಪ.

ಜಗತ್ತಿನ ಹಲವೆಡೆ ಹಳೆಯ ಮಠಗಳು ಈಗ ಐಷಾರಾಮಿ ಹೋಟೆಲ್‌ಗಳಾಗಿವೆ. ಇಟಲಿಯ ಸಿಸಿಲಿ ದ್ವೀಪದ ತಾವೊರ್ಮಿನಾದಲ್ಲಿ 14ನೇ ಶತಮಾನದ ಡೊಮಿನಿಕನ್ ಸನ್ಯಾಸಿಗಳ ಮಠವೊಂದು 1896ರಲ್ಲೇ ಹೋಟೆಲ್ ಆಯಿತು. 2021ರಲ್ಲಿ ಅಂತಾರಾಷ್ಟ್ರೀಯ ಹೋಟೆಲ್ ಸಮೂಹವೊಂದರ ಹೆಸರಿನಲ್ಲಿ ಮತ್ತೆ ತೆರೆಯಿತು. ಸನ್ಯಾಸಿಗಳು ಜಪ ಮಾಡುತ್ತಿದ್ದ ಕೋಣೆಯಲ್ಲಿ ಒಂದು ರಾತ್ರಿ ತಂಗಲು ಹಂಗಾಮಿನಲ್ಲಿ ತೆರಬೇಕಾದ ಬಾಡಿಗೆ ನಮ್ಮಲ್ಲಿ ಅನೇಕ ನೌಕರರ ತಿಂಗಳ ಸಂಬಳವನ್ನೂ ಮೀರುತ್ತದೆ.

ಕರ್ನಾಟಕದಲ್ಲಿಯೂ ಪಾರಂಪರಿಕ ಕಟ್ಟಡಗಳನ್ನು ಪ್ರವಾಸೋದ್ಯಮಕ್ಕೆ ತೆರೆಯುವ ಮಾತು ಈಗ ಜೋರಾಗಿಯೇ ಕೇಳಿಬರುತ್ತಿದೆ. ಕೇಂದ್ರ ಸರ್ಕಾರ 2017ರಲ್ಲಿ ಸ್ಮಾರಕಗಳನ್ನು ದತ್ತು ನೀಡುವ ಯೋಜನೆ ಆರಂಭಿಸಿತು. 2023ರಲ್ಲಿ ಅದರ ಎರಡನೆಯ ಆವೃತ್ತಿ ಬಂತು. ರಾಜ್ಯ ಸರ್ಕಾರ ‘ನಮ್ಮ ಸ್ಮಾರಕ’ ಎಂಬ ಹೆಸರಿನಲ್ಲಿ ತನ್ನದೇ ದತ್ತು ಯೋಜನೆ ರೂಪಿಸಿತು. 2024-29ರ ಅವಧಿಗೆ ಹೊಸ ಪ್ರವಾಸೋದ್ಯಮ ನೀತಿಯೂ ಬಂದಿದೆ. 2023ರ ಫೆಬ್ರುವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ದಿನ ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ರೈಲು ಮಾರ್ಗಕ್ಕೂ ಶಂಕುಸ್ಥಾಪನೆ ನೆರವೇರಿತು. ದಾರಿ ಸುಗಮವಾದ ಮೇಲೆ ಹಣ ಹೂಡುವವರ ಕಣ್ಣು ಈ ಭಾಗದ ಮೇಲೂ ಬೀಳುವುದು ಸಹಜ. ಆದ್ದರಿಂದ ಪ್ರಸ್ತಾವವೊಂದು ಮೇಜಿನ ಮೇಲೆ ಬರುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇಲ್ಲಿನ ಮಠವೊಂದು ಹೋಟೆಲ್ ಆಗಬಹುದೆ? ಆಗುವುದಾದರೆ ಯಾರಿಗಾಗಿ?

ಐದು ಮಠಗಳ ಪಟ್ಟಣ

ಇಂದು ಸಾಧಾರಣ ಹಳ್ಳಿಯಂತೆ ಕಾಣುವ ಬಳ್ಳಿಗಾವಿ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ಪ್ರಾಂತದ ಆಡಳಿತ ಕೇಂದ್ರವಾಗಿತ್ತು. ಅಲ್ಲಮಪ್ರಭುವಿನ ಹುಟ್ಟೂರೆಂದು ಹೆಸರಾದ ಊರು ಇದು. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ. ಕದಂಬರ ಸ್ತಂಭ ಶಾಸನವಿರುವ ತಾಳಗುಂದ ಇಲ್ಲಿಗೆ ತೀರಾ ಹತ್ತಿರ. ಜೈನ ಬಸದಿಗೆ ಹೆಸರಾದ ಬಂದಳಿಕೆ, ಸೊರಬ ತಾಲ್ಲೂಕಿನ ಆನವಟ್ಟಿ ಬಳಿ ಕೈಟಭೇಶ್ವರ ದೇವಾಲಯವಿರುವ ಕುಬಟೂರು, ಇವೆಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು.

ಬಳ್ಳಿಗಾವಿಯ ಶಾಸನಗಳು ಹರಿ, ಹರ, ಕಮಲಾಸನ, ವೀತರಾಗ ಮತ್ತು ಬೌದ್ಧ ಎಂಬ ಐದು ಮಠಗಳನ್ನು ಹೆಸರಿಸುತ್ತವೆ. ವೈಷ್ಣವ, ಶೈವ, ಜೈನ, ಬೌದ್ಧ ಪಂಥಗಳು ಒಂದೇ ಪಟ್ಟಣದಲ್ಲಿ ನೆಲೆ ಕಂಡಿದ್ದವು ಎಂಬುದಕ್ಕೆ ಇದು ಸಾಕ್ಷಿ. 1065ರಲ್ಲಿ ರೂಪಭಟ್ಟಯ್ಯನೆಂಬ ಅಧಿಕಾರಿ ಇಲ್ಲಿ ಜಯಂತಿ ಪ್ರಬೌದ್ಧ ವಿಹಾರವನ್ನು ಕಟ್ಟಿಸಿದ. ದಕ್ಷಿಣದ ಬಹುಭಾಗದಲ್ಲಿ ಬೌದ್ಧ ಧರ್ಮ ಕ್ಷೀಣಿಸುತ್ತಿದ್ದ ಕಾಲದಲ್ಲಿ ಎದ್ದ ವಿಹಾರವದು.

ಇವೆಲ್ಲಕ್ಕಿಂತ ಪ್ರಸಿದ್ಧವಾದದ್ದು ಕಾಳಾಮುಖ ಯತಿಗಳ ಕೋಡಿಮಠ. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ಈ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ವಿವರವಾಗಿ ದಾಖಲಿಸಿದೆ. ನಾಲ್ಕು ವೇದಗಳು, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಲಾಕುಳ ಸಿದ್ಧಾಂತ, ಪತಂಜಲಿಯ ಯೋಗ, ಪುರಾಣ, ಕಾವ್ಯ, ನಾಟಕ ಇಲ್ಲಿನ ಪಾಠದ ಪಟ್ಟಿಯಲ್ಲಿವೆ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶಿವಮೊಗ್ಗ ಜಿಲ್ಲೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದಂದಿನಿಂದಲೂ ಮಧ್ಯಕಾಲೀನ ಶಿಕ್ಷಣದ ಇತಿಹಾಸ ಬರೆಯುವವರು ಈ ಶಾಸನದ ಮೊರೆ ಹೋಗುತ್ತಲೇ ಬಂದಿದ್ದಾರೆ.

ಆತಿಥ್ಯದ ಚರ್ಚೆಗೆ ಇನ್ನೂ ಮುಖ್ಯವಾದದ್ದು ಅದೇ ಶಾಸನದ ಇನ್ನೊಂದು ಭಾಗ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಇಲ್ಲಿ ಅನ್ನವಿತ್ತು. ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಕಥೆ ಹೇಳುವವರಿಗೂ ಊಟ ಸಿಗುತ್ತಿತ್ತು. ಬೇರೆ ಬೇರೆ ಪಂಥಗಳ ಭಿಕ್ಷುಗಳಿಗೆ, ಜೈನ ಕ್ಷಪಣಕರಿಗೂ ಸಹ, ಬಾಗಿಲು ತೆರೆದಿತ್ತು. ರೋಗಿಗಳಿಗೆ ಚಿಕಿತ್ಸೆಯ ವ್ಯವಸ್ಥೆಯೂ ಇತ್ತು. ಶಾಲೆ, ಛತ್ರ, ಆಸ್ಪತ್ರೆ ಮೂರೂ ಒಂದೇ ಆವರಣದಲ್ಲಿದ್ದವು ಎಂದರೆ ತಪ್ಪಾಗದು. ಇದಕ್ಕೆಲ್ಲ ಬೇಕಾದ ವೆಚ್ಚ ದತ್ತಿ ಬಿಟ್ಟ ಭೂಮಿಯ ಆದಾಯದಿಂದ ಬರುತ್ತಿತ್ತೇ ಹೊರತು ತಂಗಿದವರ ಕಿಸೆಯಿಂದಲ್ಲ.

ಯುರೋಪಿನಲ್ಲಿ ಸಾಧ್ಯವಾದದ್ದು ಹೇಗೆ?

ಯುರೋಪಿನ ಮಠಗಳು ಹೋಟೆಲ್‌ಗಳಾದದ್ದು ಏಕಾಏಕಿ ಅಲ್ಲ. ಪೋರ್ಚುಗಲ್ 1834ರಲ್ಲಿ ಪುರುಷ ಸನ್ಯಾಸಿಗಳ ಮಠಗಳನ್ನು ವಿಸರ್ಜಿಸಿ ಆಸ್ತಿಯನ್ನು ರಾಷ್ಟ್ರೀಕರಣಗೊಳಿಸಿತು. ಸ್ಪೇನ್‌ನಲ್ಲಿ 1836ರ ಸುಮಾರಿಗೆ ಮೆಂಡಿಸಾಬಾಲ್ ಸರ್ಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಹರಾಜಿಗಿಟ್ಟಿತು. ಸನ್ಯಾಸಿಗಳು ಹೊರಹೋದರು. ಭಾರೀ ಕಲ್ಲಿನ ಕಟ್ಟಡಗಳು ಸೈನಿಕರ ವಸತಿಯಾಗಿ, ಸೆರೆಮನೆಯಾಗಿ, ಉಗ್ರಾಣವಾಗಿ ಬಳಕೆಯಾದವು, ಹಲವು ಪಾಳುಬಿದ್ದವು. ನೂರು ವರ್ಷಗಳ ನಂತರ ಈ ಕಟ್ಟಡಗಳನ್ನು ಉಳಿಸುವ ದಾರಿಯಾಗಿ ಹೋಟೆಲ್ ಕಂಡಿತು.

ಸ್ಪೇನ್ ಸರ್ಕಾರ 1928ರಲ್ಲಿ ಮೊದಲ ‘ಪರಾದೋರ್’ ತೆರೆಯಿತು. ಸರ್ಕಾರವೇ ಒಡೆತನ ಹೊಂದಿರುವ ಈ ಹೋಟೆಲ್ ಸರಣಿಯಲ್ಲಿ ಇಂದು ನೂರರ ಆಸುಪಾಸು ಹೋಟೆಲ್‌ಗಳಿದ್ದು, ಅವುಗಳಲ್ಲಿ ಹಲವು ಹಳೆಯ ಕೋಟೆ, ಅರಮನೆ, ಮಠಗಳಲ್ಲಿವೆ. ಗಲಿಸಿಯಾದ ಸಾಂತೊ ಎಸ್ತೆವೊ ಎಂಬ ಬೆನೆಡಿಕ್ಟೀನ್ ಮಠ 2004ರಲ್ಲಿ ಈ ಪಟ್ಟಿಗೆ ಸೇರಿತು. ಪೋರ್ಚುಗಲ್‌ನ ಸಾಂತಾ ಮರಿಯಾ ದೊ ಬೌರೊ ಮಠದ ಅವಶೇಷಗಳನ್ನು ವಾಸ್ತುಶಿಲ್ಪಿ ಎಡುವಾರ್ಡೊ ಸೌತೊ ದ ಮೌರಾ ಅವರು ಹೋಟೆಲ್ ಆಗಿ ಪರಿವರ್ತಿಸಿದರು; 1997ರಲ್ಲಿ ಅದು ತೆರೆಯಿತು. ಹಳೆಯದನ್ನು ಹೊಸದಾಗಿ ಕಾಣಿಸಲು ಹೋಗದೆ ಉಳಿದ ಗೋಡೆಗಳನ್ನೇ ಬಳಸಿಕೊಂಡದ್ದಕ್ಕೆ ಅದು ಹೆಸರಾಗಿದೆ.

ಇಲ್ಲಿ ಗಮನಿಸಬೇಕಾದ ಉದಾಹರಣೆ ಸಾಂತಿಯಾಗೊ ಪಟ್ಟಣದ್ದು. ಅಲ್ಲಿನ ಪರಾದೋರ್ 15ನೇ ಶತಮಾನದ ಕೊನೆಯಲ್ಲಿ ಯಾತ್ರಿಕರ ಆಸ್ಪತ್ರೆ ಮತ್ತು ಛತ್ರವಾಗಿ ರಾಜಾಜ್ಞೆಯಂತೆ ಆರಂಭವಾದ ಕಟ್ಟಡ. 1954ರಲ್ಲಿ ಅದು ಐಷಾರಾಮಿ ಹೋಟೆಲ್ ಆಯಿತು. ಆದರೂ ಕಾಲ್ನಡಿಗೆಯಲ್ಲಿ ಬಂದ ಯಾತ್ರಿಕರಲ್ಲಿ ದಿನಕ್ಕೆ ಮೊದಲ ಹತ್ತು ಮಂದಿಗೆ ಉಚಿತ ಊಟ ನೀಡುವ ಪದ್ಧತಿಯನ್ನು ಹೋಟೆಲ್ ಉಳಿಸಿಕೊಂಡು ಬಂದಿದೆ. ಹತ್ತು ಊಟ ಎಂಬುದು ಹೋಟೆಲಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಆ ಕಟ್ಟಡ ಯಾರಿಗಾಗಿ ಎದ್ದಿತು ಎಂಬುದನ್ನು ಆ ಹತ್ತು ತಟ್ಟೆಗಳು ನಿತ್ಯವೂ ನೆನಪಿಸುತ್ತವೆ.

ಬಳ್ಳಿಗಾವಿಯಲ್ಲಿ ಉಳಿದಿರುವುದೇನು?

ಯುರೋಪಿನ ಮಾದರಿಯನ್ನು ಯಥಾವತ್ತಾಗಿ ಇಲ್ಲಿಗೆ ತರಲು ಮೊದಲ ಅಡ್ಡಿ ಕಾನೂನಲ್ಲ, ಕಟ್ಟಡವೇ. ಮಲೆನಾಡಿನ ಸೆರಗಿನ ಈ ಭಾಗದಲ್ಲಿ ದೇವರಿಗೆ ಕಲ್ಲಿನ ಮನೆ, ಮನುಷ್ಯರಿಗೆ ಮಣ್ಣು, ಮರ, ಹುಲ್ಲು ಅಥವಾ ಹೆಂಚಿನ ಮನೆ ಎಂಬುದು ಹಿಂದಿನ ರೂಢಿ. ಕೋಡಿಮಠದ ದೇವಾಲಯ ಉಳಿಯಿತು. ವಿದ್ಯಾರ್ಥಿಗಳು ಮಲಗುತ್ತಿದ್ದ ಪಡಸಾಲೆ, ಅನ್ನ ಬೇಯುತ್ತಿದ್ದ ಅಡುಗೆಮನೆ, ರೋಗಿಗಳಿದ್ದ ಕೋಣೆ ಉಳಿಯಲಿಲ್ಲ. ಯುರೋಪಿನ ಮಠಗಳಲ್ಲಿ ಸಾಲು ಕೋಣೆ, ಭೋಜನಶಾಲೆ, ಅಂಗಳ ಎಲ್ಲವೂ ಕಲ್ಲಿನವು. ಹೋಟೆಲಿಗೆ ಬೇಕಾದ ವಿನ್ಯಾಸ ಅವುಗಳಲ್ಲೇ ಇದೆ. ಬಳ್ಳಿಗಾವಿಯಲ್ಲಿ ಪರಿವರ್ತಿಸಲು ಇರುವುದು ಗರ್ಭಗುಡಿ, ನವರಂಗಗಳು ಮಾತ್ರ. ಅವುಗಳನ್ನು ಮುಟ್ಟುವ ಮಾತೇ ಇಲ್ಲ.

ಕಾನೂನು ಕೂಡ ಸ್ಪಷ್ಟವಾಗಿದೆ. ಬಳ್ಳಿಗಾವಿಯ ಕೇದಾರೇಶ್ವರ ಮತ್ತು ತ್ರಿಪುರಾಂತಕೇಶ್ವರ ದೇವಾಲಯಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಪೂಜಾಸ್ಥಳವಾದ ರಕ್ಷಿತ ಸ್ಮಾರಕವನ್ನು ಅದರ ಸ್ವರೂಪಕ್ಕೆ ಹೊಂದದ ಉದ್ದೇಶಕ್ಕೆ ಬಳಸುವಂತಿಲ್ಲ. 1959ರ ನಿಯಮಗಳು ಅನುಮತಿಸಿದ ಜಾಗ ಬಿಟ್ಟು ಬೇರೆಡೆ ಸ್ಮಾರಕದ ಆವರಣದಲ್ಲಿ ಅಡುಗೆ ಮಾಡುವುದನ್ನೂ ನಿಷೇಧಿಸುತ್ತವೆ. 2010ರ ತಿದ್ದುಪಡಿಯಂತೆ ರಕ್ಷಿತ ಪ್ರದೇಶದಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಕಡ್ಡಾಯ.

ದತ್ತು ಯೋಜನೆಗಳಲ್ಲಿಯೂ ವಸತಿಗೆ ಅವಕಾಶವಿಲ್ಲ. ಶೌಚಾಲಯ, ಕುಡಿಯುವ ನೀರು, ದೀಪ, ಮಾಹಿತಿ ಫಲಕ, ಉಪಾಹಾರ ಕೇಂದ್ರದಂತಹ ಸೌಲಭ್ಯ ಒದಗಿಸುವುದಷ್ಟೇ ದತ್ತು ಪಡೆದವರ ಹೊಣೆ. 2018ರಲ್ಲಿ ದೆಹಲಿಯ ಕೆಂಪುಕೋಟೆಯನ್ನು ಐದು ವರ್ಷಗಳಿಗೆ ಖಾಸಗಿ ಕಂಪನಿಗೆ ದತ್ತು ನೀಡಿದಾಗ ದೇಶದಾದ್ಯಂತ ವಿವಾದ ಎದ್ದದ್ದು ಸ್ಮಾರಕ ಮಾರಾಟವಾಯಿತು ಎಂಬ ಭಾವನೆಯಿಂದ. ಒಪ್ಪಂದದಲ್ಲಿ ಇದ್ದದ್ದು ಸೌಲಭ್ಯಗಳ ನಿರ್ವಹಣೆ ಮಾತ್ರ. ಆದರೆ ಸರ್ಕಾರ ಮಾಡಬೇಕಾದ ಕೆಲಸವನ್ನು ಕಂಪನಿಯೊಂದು ಮಾಡಿದಾಗ ಜನರಿಗೆ ಎದುರಾಗುವ ಅನುಮಾನ ಅಸಹಜವೇನಲ್ಲ.

ಹಾಗಿದ್ದರೆ ಪಾರಂಪರಿಕ ಹೋಟೆಲ್ ಎಂದು ದೇಶದಲ್ಲಿ ಕರೆಸಿಕೊಳ್ಳುವುದು ಯಾವುವು? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣದಂತೆ 1950ಕ್ಕೆ ಮೊದಲು ಕಟ್ಟಿದ ಅರಮನೆ, ಕೋಟೆ, ಹವೇಲಿ, ಮನೆಗಳು ಇದರಲ್ಲಿ ಬರುತ್ತವೆ. ಮೈಸೂರಿನ ಲಲಿತ ಮಹಲ್ ಅರಮನೆ 1974ರಲ್ಲಿ ಹೋಟೆಲ್ ಆಯಿತು. ಕೇಂದ್ರದ ಐಟಿಡಿಸಿ ಅದನ್ನು ದಶಕಗಳ ಕಾಲ ನಡೆಸಿ 2018ರಲ್ಲಿ ರಾಜ್ಯಕ್ಕೆ ಹಿಂತಿರುಗಿಸಿತು. ಹೈದರಾಬಾದಿನ ಫಲಕ್‌ನುಮಾ ಅರಮನೆ 2010ರಲ್ಲಿ ಹೋಟೆಲ್ ಆಗಿ ತೆರೆಯಿತು. ಅರಮನೆ ಮೊದಲಿನಿಂದಲೂ ಐಷಾರಾಮದ ತಾಣ. ಅತಿಥಿ ಬದಲಾದನೇ ಹೊರತು ಕಟ್ಟಡದ ಸ್ವಭಾವ ಬದಲಾಗಲಿಲ್ಲ. ಮಠದ ವಿಷಯದಲ್ಲಿ ಬದಲಾಗುವುದು ಆ ಸ್ವಭಾವವೇ.

ಬಡ ಮಠಗಳ ಸಂಕಟ

ಸಂರಕ್ಷಿತ ಸ್ಮಾರಕಗಳಿಗೆ ಕಾನೂನಿನ ಬೇಲಿ ಇದೆ. ಅದರ ಹೊರಗೆ ಉಳಿದ ಹಳೆಯ ಮಠಗಳ ಪರಿಸ್ಥಿತಿ ಬೇರೆ. ಶಿಕಾರಿಪುರ, ಸೊರಬ, ಸಾಗರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆಳದಿ ಅರಸರ ಕಾಲದಿಂದಲೂ ವೀರಶೈವ ಮಠಗಳಿವೆ. ಮರದ ಕಂಬ, ತೊಟ್ಟಿ, ಹೆಂಚಿನ ಮಾಡು ಇರುವ ಇಂತಹ ಕಟ್ಟಡಗಳಿಗೆ ಪ್ರತಿ ಮಳೆಗಾಲವೂ ಒಂದು ಪರೀಕ್ಷೆ.

ಈ ಮಠಗಳ ಆದಾಯದ ಮೂಲವಾಗಿದ್ದ ಇನಾಮು ಭೂಮಿ 1955ರ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮು ರದ್ದತಿ ಕಾಯ್ದೆಯಿಂದ ಹೋಯಿತು. ಗೇಣಿಗೆ ಕೊಟ್ಟ ಭೂಮಿ 1974ರ ಭೂಸುಧಾರಣೆಯಲ್ಲಿ ಉಳುವವನ ಪಾಲಾಯಿತು. ಕಾಗೋಡು ಸತ್ಯಾಗ್ರಹ ನಡೆದ ನೆಲದಲ್ಲಿ ಈ ಸುಧಾರಣೆ ನ್ಯಾಯವಲ್ಲ ಎನ್ನುವವರು ಇರಲಾರರು. ಆದರೆ ಅನ್ನದಾಸೋಹಕ್ಕೆಂದು ಬಿಟ್ಟ ಭೂಮಿ ಹೋದ ಮೇಲೆ ದಾಸೋಹದ ಮನೆಯ ಮಾಡು ಹೊದಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ವಿದ್ಯಾಸಂಸ್ಥೆ ಕಟ್ಟಿದ ದೊಡ್ಡ ಮಠಗಳು ಬೆಳೆದವು. ಭಕ್ತರ ಕಾಣಿಕೆಯನ್ನೇ ನಂಬಿದ ಸಣ್ಣವು ಸೊರಗಿದವು.

ಇಂತಹ ಮಠವೊಂದಕ್ಕೆ ಹೂಡಿಕೆದಾರನೊಬ್ಬ ಬಂದು ದೀರ್ಘಾವಧಿಯ ಗುತ್ತಿಗೆ, ಕಟ್ಟಡದ ದುರಸ್ತಿ, ವರ್ಷಕ್ಕಿಷ್ಟು ಹಣ ಎಂದು ಮುಂದಿಟ್ಟರೆ ಬೇಡವೆನ್ನುವುದು ಸುಲಭವಲ್ಲ. ತಡೆಯುವವರೂ ಕಡಿಮೆ. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಮಠಗಳಿಗೆ ಅನ್ವಯಿಸುವುದಿಲ್ಲ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ ನೀಡಿದ ತೀರ್ಪು ಮಠಾಧಿಪತಿಯ ಸ್ಥಾನದಲ್ಲಿ ಅಧಿಕಾರ ಮತ್ತು ಆಸ್ತಿಯ ಹಕ್ಕು ಎರಡೂ ಬೆರೆತಿವೆ ಎಂದು ಗುರುತಿಸಿತು. ಆದರೆ ಆ ಹಕ್ಕು ಕರ್ತವ್ಯದ ಜೊತೆಗೆ ಬಂದದ್ದು. ಮಠದ ಆಸ್ತಿ ಅದರ ಉದ್ದೇಶಕ್ಕೆ ಮೀಸಲು. ತೆರೆದ ಬಾಗಿಲಿನ ಮಠವನ್ನು ಕಾವಲುಗಾರನಿರುವ ಹೋಟೆಲ್ ಮಾಡುವುದು ಆ ಉದ್ದೇಶದ ಮುಂದುವರಿಕೆಯೇ ಎಂಬುದನ್ನು ಒಂದಲ್ಲ ಒಂದು ದಿನ ನ್ಯಾಯಾಲಯವೇ ನಿರ್ಧರಿಸಬೇಕಾದೀತು.

ಹಂಪಿ ಕಲಿಸಿದ ಪಾಠ

ಸ್ಮಾರಕದ ಪಕ್ಕದಲ್ಲಿ ಬದುಕುವವರ ವಿಷಯದಲ್ಲಿ ರಾಜ್ಯದ ಅನುಭವ ಕಹಿಯಾದದ್ದು. ಹಂಪಿಯ ವಿರೂಪಾಕ್ಷ ಬಜಾರಿನ ಕಲ್ಲಿನ ಮಂಟಪಗಳಲ್ಲಿ ಸಂಸಾರ ಹೂಡಿ, ಸಣ್ಣ ಅಂಗಡಿ, ಖಾನಾವಳಿ ನಡೆಸುತ್ತಿದ್ದವರನ್ನು 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ನದಿಯಾಚೆಯ ವಿರೂಪಾಪುರಗಡ್ಡೆಯ ಅಕ್ರಮ ರೆಸಾರ್ಟ್‌ಗಳ ತೆರವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ಅವು ನೆಲಸಮವಾದವು. ಇತ್ತ ಕಮಲಾಪುರದಲ್ಲಿ ವಿಜಯನಗರದ ಅರಮನೆ ಶೈಲಿಯನ್ನು ಅನುಸರಿಸಿ ಹೊಸದಾಗಿ ಕಟ್ಟಿದ ಐಷಾರಾಮಿ ರೆಸಾರ್ಟ್ ತಲೆಯೆತ್ತಿದೆ. ಅದು ಹೊಸ ಜಾಗದಲ್ಲಿ ಎದ್ದ ಹೊಸ ಕಟ್ಟಡ. ಮಂಟಪಗಳಲ್ಲಿದ್ದವರಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ಹಂಪಿಯಲ್ಲಿ ರಾತ್ರಿ ತಂಗುವ ಅವಕಾಶ ಕಡಿಮೆ ಹಣದವನಿಗೆ ಕುಗ್ಗಿತು, ಹೆಚ್ಚು ಹಣದವನಿಗೆ ಹಿಗ್ಗಿತು ಎಂಬ ಫಲಿತಾಂಶವನ್ನು ಅಲ್ಲಗಳೆಯಲಾಗದು.

ಬಳ್ಳಿಗಾವಿಯಲ್ಲಿಯೂ ಸ್ಮಾರಕ ಮತ್ತು ಮನೆಗಳ ನಡುವೆ ಅಂತರ ಕಡಿಮೆ. ನಿರ್ಬಂಧಿತ ವ್ಯಾಪ್ತಿಯಲ್ಲಿ ಮನೆ ಇರುವವನು ಒಂದು ಕೋಣೆ ಹೆಚ್ಚಿಸಬೇಕೆಂದರೂ ಅನುಮತಿಗಾಗಿ ಅಲೆಯಬೇಕು. ನಾಳೆ ಇದೇ ಊರಿನ ಅಂಚಿನಲ್ಲಿ ಹೋಟೆಲ್ ಬಂದರೆ, ತಮ್ಮ ಮನೆಗೆ ಸಿಗದ ಅನುಮತಿ ಹಣವಂತರಿಗೆ ಹೇಗೆ ಸಿಕ್ಕಿತು ಎಂದು ಊರವರು ಕೇಳದಿರಲಾರರು.

ಹೋಟೆಲ್ ಬೇಡವೆನ್ನುವುದು ಉತ್ತರವೆ?

ಇಷ್ಟಾದರೂ ವಸತಿ ಬೇಡವೆಂದು ಬಾಗಿಲು ಹಾಕುವುದು ಸರಿಯಾದ ನಿಲುವಲ್ಲ. ಜೋಗ ನೋಡಲು ಬಂದವರು ಬಳ್ಳಿಗಾವಿಗೆ ಬಂದರೂ ಒಂದೆರಡು ಗಂಟೆ ಇದ್ದು ಸಾಗರ ಅಥವಾ ಶಿವಮೊಗ್ಗಕ್ಕೆ ಮರಳುತ್ತಾರೆ. ರಾತ್ರಿ ತಂಗದ ಪ್ರವಾಸಿಯಿಂದ ಊರಿಗೆ ದಕ್ಕುವುದು ಎಳನೀರು, ಚಹಾದ ದುಡ್ಡಷ್ಟೇ. ಉಡುತಡಿಯಲ್ಲಿ 2023ರಲ್ಲಿ ಅಕ್ಕಮಹಾದೇವಿಯ ಬೃಹತ್ ಪ್ರತಿಮೆ ಅನಾವರಣಗೊಂಡ ಮೇಲೆ ಈ ದಾರಿಯಲ್ಲಿ ಓಡಾಟಕ್ಕೆ ಇನ್ನೊಂದು ಕಾರಣ ಸೇರಿದೆ. ಬಂದವರು ಉಳಿಯುವಂತಾದರೆ ಮಾರ್ಗದರ್ಶಿ, ಅಡುಗೆಯವರು, ವಾಹನ ಚಾಲಕರಿಗೆ ಕೆಲಸ ಸಿಗುತ್ತದೆ. ವಿದ್ಯಾವಂತ ಯುವಕರು ಬೆಂಗಳೂರಿನ ಬಸ್ಸು ಹತ್ತುವುದು ಒಂದಿಷ್ಟು ಕಡಿಮೆಯಾಗಬಹುದು.

ಇದಕ್ಕೆ ಐಷಾರಾಮಿ ಹೋಟೆಲ್ ಒಂದೇ ದಾರಿಯಲ್ಲ ಎಂಬುದಕ್ಕೆ ಪೂರ್ವ ದೇಶಗಳಲ್ಲಿ ನಿದರ್ಶನಗಳಿವೆ. ಜಪಾನಿನ ಕೋಯಾ ಬೆಟ್ಟದಲ್ಲಿ ಸುಮಾರು 50 ಬೌದ್ಧ ದೇಗುಲಗಳು ಅತಿಥಿಗಳಿಗೆ ತಂಗಲು ಕೋಣೆ ನೀಡುತ್ತವೆ. ಸಸ್ಯಾಹಾರದ ಊಟ, ಮುಂಜಾನೆಯ ಪೂಜೆ ಅದರ ಭಾಗ. ದಕ್ಷಿಣ ಕೊರಿಯಾ 2002ರ ವಿಶ್ವಕಪ್ ಫುಟ್ಬಾಲ್ ಸಂದರ್ಭದಲ್ಲಿ ವಸತಿಯ ಕೊರತೆ ನೀಗಲು ಮಠಗಳನ್ನು ಪ್ರವಾಸಿಗಳಿಗೆ ತೆರೆಯಿತು. ಆ ಏರ್ಪಾಡು ಕಾಯಂ ಆಗಿ ಉಳಿಯಿತು. ಎರಡೂ ಕಡೆ ಸನ್ಯಾಸಿಗಳು ಮಠ ಬಿಟ್ಟು ಹೋಗಲಿಲ್ಲ. ಬಂದವರೇ ಮಠದ ನಿಯಮಕ್ಕೆ ಒಗ್ಗಿಕೊಳ್ಳುತ್ತಾರೆ.

ಕರ್ನಾಟಕಕ್ಕೆ ಇದು ಹೊಸತೂ ಅಲ್ಲ. ಧರ್ಮಸ್ಥಳ, ಶೃಂಗೇರಿ, ಶ್ರವಣಬೆಳಗೊಳದ ವಸತಿಗೃಹಗಳಲ್ಲಿ ತಂಗದ ಕುಟುಂಬ ರಾಜ್ಯದಲ್ಲಿ ವಿರಳ. ದುರಸ್ತಿ ಬಯಸುವ ಸಣ್ಣ ಮಠಗಳಲ್ಲಿ ಹತ್ತಾರು ಕೋಣೆಗಳನ್ನು ಸರಳವಾಗಿ ಸಜ್ಜುಗೊಳಿಸಿ, ಬಂದ ಹಣವನ್ನು ಕಟ್ಟಡದ ರಕ್ಷಣೆಗೇ ಬಳಸುವ ಯೋಜನೆ ಅಸಾಧ್ಯವೇನಲ್ಲ. ಮನೆ ಇದ್ದವರು ಹೋಂಸ್ಟೇ ನಡೆಸಲು ಮುಂದಾದರೆ ಹಣ ನೇರವಾಗಿ ಊರಿನಲ್ಲೇ ಉಳಿಯುತ್ತದೆ. ಇಷ್ಟಾಗಿಯೂ ದೊಡ್ಡ ಹೋಟೆಲ್ ಬರುವುದಾದರೆ ಅದರ ಜಾಗ ಸ್ಮಾರಕದಿಂದ 300 ಮೀಟರ್ ಆಚೆಗಿರಬೇಕು. ಅಂಜನಾಪುರ ಜಲಾಶಯದ ದಡದಂತಹ ತಾಣದತ್ತ ಹೂಡಿಕೆದಾರರು ನೋಡುವುದು ಸಹಜ. ಆದರೆ ಆ ನೀರು ರೈತರ ಗದ್ದೆ, ತೋಟಗಳಿಗೆ ಸಲ್ಲಬೇಕಾದ ನೀರು. ಅಲ್ಲಿಗೆ ಸೇರುವ ಕೊಳಚೆಯ ಹೊಣೆ ಯಾರದೆಂಬುದು ಪರವಾನಗಿಗೆ ಮೊದಲೇ ತೀರ್ಮಾನವಾಗಬೇಕು.

ಸರ್ಕಾರ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೆಲವು ಷರತ್ತುಗಳನ್ನು ಬರೆದಿಡುವುದು ಒಳಿತು. ಪಾರಂಪರಿಕ ಕಟ್ಟಡದ ಒಡೆತನ ಪರಭಾರೆಯಾಗಬಾರದು. ತಂಗದವರಿಗೂ ದಿನದ ನಿಗದಿತ ವೇಳೆಯಲ್ಲಿ ಅಂಗಳದವರೆಗೆ ಪ್ರವೇಶವಿರಬೇಕು. ಕೆಲಸದಲ್ಲಿ ಸ್ಥಳೀಯರಿಗೆ ಆದ್ಯತೆ, ಆದಾಯದಲ್ಲಿ ಗ್ರಾಮ ಪಂಚಾಯಿತಿಗೆ ಪಾಲು ಇರಬೇಕು. ಗುತ್ತಿಗೆಯ ಕರಾರು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಬರಬೇಕು. ಇವು ಯಾವುವೂ ಹೂಡಿಕೆದಾರನನ್ನು ಓಡಿಸುವ ಷರತ್ತುಗಳಲ್ಲ.

ಇನ್ನೊಂದು ಷರತ್ತನ್ನು ಸಾಂತಿಯಾಗೊದಿಂದ ಕಡ ತರಬಹುದು. ಮಠದ ಹೆಸರಿನಲ್ಲಿ ವ್ಯಾಪಾರ ಮಾಡುವ ಯಾವುದೇ ಹೋಟೆಲ್ ದಿನಕ್ಕೆ ಇಂತಿಷ್ಟು ಮಂದಿಗೆ ಉಚಿತ ಊಟ ಹಾಕಬೇಕು ಎಂಬುದು. ಬಳ್ಳಿಗಾವಿಯ ಸುತ್ತ ಹೋಟೆಲ್ ಕಟ್ಟುವವರಿಗೆ ಯಾರಿಗೆ ಉಣಬಡಿಸಬೇಕೆಂದು ಹೊಸದಾಗಿ ಹೇಳಿಕೊಡಬೇಕಿಲ್ಲ. 1162ರಲ್ಲಿ ಕಲ್ಲಿನ ಮೇಲೆ ಕೊರೆದ ಪಟ್ಟಿ ಸಿದ್ಧವಿದೆ. ಅದರಲ್ಲಿ ಮೊದಲ ಸಾಲಿನಲ್ಲಿರುವವರು ದೀನರು ಮತ್ತು ಅನಾಥರು.